ಮೀಟರ್ ಸೊನ್ನೆ ತೋರಿಸಿದ ದಿನ

ಕರೆಂಟ್ ಕೆಲಸದವನು ಬಂದು ಹೋದರೆ ಇಪ್ಪತ್ತೈದು ಅಂಗಿ. ಹೊಸ ಸಾಕೆಟ್ಟಿಗೆ ಹತ್ತು ಅಂಗಿ. ಇಸ್ತ್ರಿ ಅಂಗಡಿಯ ಅತ್ತಿಗೆ ಯಾವ ಖರ್ಚನ್ನಾದರೂ ಹೀಗೆ ಅಂಗಿಯಲ್ಲೇ ಅಳೆಯುತ್ತಿದ್ದಳು. ಅಷ್ಟು ಅಂಗಿ ತೀಡಿದರೆ ತಾನೇ ಅಷ್ಟು ದುಡ್ಡು? ಹಾಗಾಗಿ, ಗೋಡೆಯ ಸಾಕೆಟ್ ಕರಕಲಾಗಿ ಇಸ್ತ್ರಿಪೆಟ್ಟಿಗೆ ಒಮ್ಮೆ ಕಾದು ಒಮ್ಮೆ ಆರತೊಡಗಿದಾಗ, "ನಾನಿದೀನಲ್ಲ ಅತ್ತಿಗೆ, ಕರೆಂಟ್ ಅಳೆಯೋ ಹೊಸ ಮೀಟರ್ ತಂದಿದೀನಿ" ಎಂದ ಮೈದುನನ ಮಾತು ಅವಳಿಗೆ ಹಿತವಾಗಿಯೇ ಕೇಳಿಸಿತು.

"ಮೇನ್ ಆಫ್ ಮಾಡ್ಲಾ?"

"ಬೇಡಪ್ಪ, ಆ ಕಡೆ ಸಾಕೆಟ್ಟಿನ ಇನ್ನೊಂದು ಪೆಟ್ಟಿಗೆ ಈಗಷ್ಟೇ ಕಾದಿದೆ. ಈ ರಾಶಿ ಸಂಜೆಗೆ ಕೊಡಬೇಕು."

ಮೈದುನ ಮೀಟರಿನ ಎರಡು ಕಡ್ಡಿಗಳನ್ನು ಸಾಕೆಟ್ಟಿಗೆ ತೂರಿಸಿದ. "ಸೊನ್ನೆ! ಇಲ್ಲಿ ಕರೆಂಟೇ ಇಲ್ಲ." ತಿರುಪು ಬಿಚ್ಚಿದ, ಮುಚ್ಚಳ ತೆಗೆದ, ಕಪ್ಪಾದ ತಂತಿಯತ್ತ ಬರಿಗೈ ಚಾಚಿದ.

"ಕೈ ತೆಗಿಯೋ!"

ಬಟ್ಟೆ ಒಯ್ಯಲು ಬಂದಿದ್ದ ಪಕ್ಕದಂಗಡಿಯ ಮೋಟಾರಕ್ಕ ಬಾಗಿಲಲ್ಲೇ ಕೂಗಿದಳು. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು ಅವಳ ಕಸುಬು.

"ಸುಮ್ನೆ ಗಾಬರಿ ಮಾಡ್ತೀರಲ್ಲ ಅಕ್ಕ. ಮೀಟರ್ ಹೊಸದು, ಸುಳ್ಳು ಹೇಳುತ್ತಾ?"

"ಅದು ಸುಳ್ಳು ಹೇಳಿಲ್ಲ. ನೀನು ಕೇಳಿದ್ದೇ ಬೇರೆ."

ಮೀಟರಿನ ತಿರುಗುಗುಂಡಿ ನೇರ ಗೆರೆಯ ಗುರುತಿನ ಮೇಲೆ ನಿಂತಿತ್ತು. ಅಕ್ಕ ಅದನ್ನು ಅಲೆಯಂಥ ಗೆರೆಯಿದ್ದ ವೋಲ್ಟಿನ ಕಡೆಗೆ, ಅಲ್ಲಿನ ಅತಿ ದೊಡ್ಡ ಅಂಕಿಗೆ ತಿರುಗಿಸಿದಳು. "ಈಗ ಹಿಡಿ. ಕಡ್ಡಿಯ ಲೋಹಕ್ಕೆ ಬೆರಳು ತಾಗದ ಹಾಗೆ."

ಇನ್ನೂರ ಇಪ್ಪತ್ತಾರು.

ಮೈದುನ ತನ್ನ ಬೆರಳುಗಳನ್ನೇ ನೋಡಿಕೊಂಡ.

"ನೇರ ಗೆರೆ ಬ್ಯಾಟರಿಗೆ. ಅದರ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತೆ" ಎಂದಳು ಅಕ್ಕ. "ಗೋಡೆಯದ್ದು ಹಾಗಲ್ಲ, ಹಿಂದಕ್ಕೂ ಮುಂದಕ್ಕೂ ಆಡ್ತಾನೇ ಇರುತ್ತೆ. ಮುಂದಕ್ಕೆಷ್ಟೋ ಹಿಂದಕ್ಕೂ ಅಷ್ಟೇ. ನೇರ ಗೆರೆಯಲ್ಲಿಟ್ಟು ಕೇಳಿದ್ರೆ ಮೀಟರ್ ಎರಡನ್ನೂ ಕೂಡಿಸಿ ಸೊನ್ನೆ ಅನ್ನುತ್ತೆ."

"ಕೂಡಿಸಿದ್ರೆ ಸೊನ್ನೆ ಅಂದ್ಮೇಲೆ ಹೊಡೆಯೋದು ಹೇಗೆ?" ಮೈದುನ ಬಿಡಲಿಲ್ಲ.

ಈ ಸಲ ಅತ್ತಿಗೆಯೇ ಬಾಯಿ ಹಾಕಿದಳು. "ನನ್ನ ಪೆಟ್ಟಿಗೆ ಕೂಡ ಹಿಂದೆ ಮುಂದೆ ಆಡ್ತಾ ಕೊನೆಗೆ ಇದ್ದಲ್ಲೇ ಇರುತ್ತೆ. ಅದಕ್ಕೆ ಬಟ್ಟೆ ಬಿಸಿಯಾಗದೆ ಉಳಿಯುತ್ತೇನೋ, ಬುದ್ಧಿವಂತ?"

"ಅಗೋ, ನಿಮ್ಮತ್ತಿಗೆ ನನಗಿಂತ ಚೆನ್ನಾಗಿ ಹೇಳಿದ್ಲು!" ಅಕ್ಕ ನಕ್ಕಳು. "ಈ ಇನ್ನೂರ ಇಪ್ಪತ್ತಾರೂ ಬಿಸಿಯ ಲೆಕ್ಕವೇ. ಬ್ಯಾಟರಿಯಿಂದ ಇಷ್ಟೇ ಬಿಸಿ ತೆಗೀಬೇಕಂದ್ರೆ ಎಷ್ಟು ವೋಲ್ಟ್ ಬೇಕೋ, ಗೋಡೆಯ ಈ ಅಲೆ ಕರೆಂಟಿಗೂ ಅದೇ ಅಂಕಿ. ಅಲೆ ತುದಿಗೇರಿದಾಗಂತೂ ಮುನ್ನೂರು ದಾಟಿರುತ್ತೆ."

ಅತ್ತಿಗೆ ಕಾದ ಪೆಟ್ಟಿಗೆಯ ಪ್ಲಗ್ ಕಿತ್ತು ತಾನೇ ಮೇನ್ ಆಫ್ ಮಾಡಿದಳು. ಮತ್ತೆ ಅಳೆದರು. ಸೊನ್ನೆ.

"ಈಗ ನಂಬಬಹುದಾ?" ಎಂದ ಮೈದುನ.

"ತಡಿ. ನನ್ನಂಗಡಿ ಸಾಕೆಟ್ಟಲ್ಲಿ ಹಿಡಿದು ಬಾ. ಅಲ್ಲಿ ಅಂಕಿ ತೋರಿಸಿದ್ರೆ ಮೀಟರ್ ಸರಿಯಿದೆ ಅಂತ."

ತೋರಿಸಿತು. ಆದರೂ ಅತ್ತಿಗೆ, "ನೀನು ಮುಟ್ಟಬೇಡ, ಕೆಲಸ ಗೊತ್ತಿರೋನನ್ನೇ ಕರಿ" ಎಂದಳು. ಮೈದುನ ಕರೆಂಟ್ ಕೆಲಸದವನನ್ನು ಕರೆತರಲು ಹೊರಟ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಯಲ್ಲಿ ಮೀಟರ್ ಇದ್ದರೆ ಒಮ್ಮೆ ಕೈಗೆತ್ತಿಕೊಂಡು ವೋಲ್ಟಿನ ಕಡೆಯ ಅಲೆಯ ಗುರುತು ಎಲ್ಲಿದೆ ನೋಡಿ. ಗೋಡೆಯ ಕರೆಂಟಿನ ವೋಲ್ಟ್ ಅಳೆಯುವುದು ಅಲ್ಲಿಟ್ಟೇ. ಮೊದಲು ಕರೆಂಟ್ ಇರುವ ಕಡೆ ಹಿಡಿದು ಮೀಟರನ್ನು ಪರೀಕ್ಷಿಸಿ, ಮೇನ್ ಆಫ್ ಮಾಡಿ, ಆಮೇಲೆ ಅಳೆಯಿರಿ. ಕೊನೆಗೆ ಮೀಟರನ್ನು ಇನ್ನೊಮ್ಮೆ ಪರೀಕ್ಷಿಸಿ. ಅನುಮಾನವಿದ್ದರೆ ಬಲ್ಲವರನ್ನು ಕರೆಯಿರಿ.

ಆ ಅಂಗಡಿಯಲ್ಲಿ ಅಂದು ಒಂದು ಸಂಜೆಯ ಕೆಲಸ ಹೋಯಿತು. ಮೈದುನನ ಜೀವ ಉಳಿಯಿತು.