ದೂರದ ನೋಟಕ್ಕಿಟ್ಟ ಚಿತ್ರ

ಬ್ರನೋ ನಗರದಲ್ಲಿ ನಾವು ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ, ಆಟದೊಳಗಿನ ಗೋಡೆ, ಕಲ್ಲು, ಹೆಂಚುಗಳ ಚಿತ್ರಗಳನ್ನು ಹಿಡಿದಿಡುವ ಕಡತದ ರಚನೆಯನ್ನು ರೂಪಿಸಿದವನು ನಾನು. ಇಂದಿಗೂ ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮೊದಲು ಕಡತದ ಗುರುತು, ಬಳಿಕ ಚಿತ್ರದ ಅಗಲ ಎತ್ತರ, ಆಮೇಲೆ ಬಣ್ಣಗಳ ಪಟ್ಟಿ. ಅವುಗಳ ಬೆನ್ನಿಗೇ ದೊಡ್ಡ ಚಿತ್ರ, ಅದರ ಅರ್ಧದಳತೆಯ ಪ್ರತಿ, ಆ ಅರ್ಧದ ಅರ್ಧ, ಹೀಗೆ ಒಂದೇ ಚುಕ್ಕೆಯಾಗುವವರೆಗೆ. ಆಟಗಾರ ಗೋಡೆಯಿಂದ ದೂರ ಸರಿದಷ್ಟೂ ಚಿಕ್ಕ ಪ್ರತಿ ಪರದೆಗೆ ಬರುತ್ತಿತ್ತು.

ಆ ಗೋಡೆಗಳನ್ನು ಬರೆದ ಕಲಾವಿದೆ ದ್ರಾಹೊಮೀರಾ. ಪೇಟೆಬೀದಿಯ ಒಂದು ಗೋಡೆಯಲ್ಲಿ, ಕೆಳಗಿನ ಕಿಟಕಿಯೊಳಗೆ, ಆಕೆ ತನ್ನ ತಾಯಿಯನ್ನು ಬರೆದು ನಿಲ್ಲಿಸಿದ್ದಳು. ಮರುವರ್ಷ ಬಂದ ತೊಂಬತ್ತೇಳರ ನೆರೆಯಲ್ಲಿ ತಾಯಿಯ ಮನೆ ಕುಸಿಯಿತು. ಭಾವಚಿತ್ರಗಳೆಲ್ಲ ಮೊರಾವಾ ನದಿಯ ಪಾಲಾದವು. ತಾಯಿಯೂ ತೀರಿಕೊಂಡು ಬಹಳ ಕಾಲವಾಯಿತು. ಈ ವಸಂತದಲ್ಲಿ ಆಕೆ ನಮ್ಮ ಆ ಆಟದ ಗೀರುಬಿದ್ದ ಹಳೆಯ ಸಿ.ಡಿ.ಯೊಂದನ್ನು ಹಿಡಿದು ನನ್ನ ಮನೆಗೆ ಬಂದಳು.

“ಅಮ್ಮನ ಮುಖ ನೆನಪಿಗೇ ಬರ್ತಿಲ್ಲ ಕಣೋ ಓಟಾ. ಒಂದ್ಸಲ ನೋಡ್ಬೇಕು.”

“ನಾನು ಕಟ್ಟಿದ ಕಡತ ಕಣೇ. ಅಷ್ಟು ಸುಲಭಕ್ಕೆ ಸಾಯಲ್ಲ.”

“ನಿನ್ನ ಜಂಬವಂತೂ ಸತ್ತಿಲ್ಲ ಬಿಡು.”

ಈಗಿನ ಕಂಪ್ಯೂಟರಿನಲ್ಲಿ ಆಟ ನಡೆಯಲಿಲ್ಲ, ಆ ಗೋಡೆಯ ಕಡತವನ್ನು ಮಾತ್ರ ಹೊರತೆಗೆದೆ. ತೆರೆದರೆ ಇಡೀ ಗೋಡೆ ಓರೆಯಾಗಿ ಜಾರುತ್ತಿತ್ತು.

“ಇದೇನೋ, ಗೋಡೆ ಸ್ಲಿವೊವಿತ್ಸೆ ಕುಡಿದು ನಿಂತಿದೆಯಲ್ಲೋ!”

ಪ್ರತಿ ಸಾಲಿನ ಕೊನೆಗೆ ಅಳತೆ ಸರಿಹೊಂದಿಸಲು ನಾನೇ ಸೇರಿಸಿದ್ದ ಖಾಲಿ ಬೈಟುಗಳನ್ನು ಮರೆತಿದ್ದೆ. ಅವನ್ನು ಬಿಟ್ಟು ಓದಿದೊಡನೆ ಇಟ್ಟಿಗೆಗಳು ನೆಟ್ಟಗಾದವು. ಆದರೆ ಕಿಟಕಿಯಿರಬೇಕಾದಲ್ಲಿ ಬೂದುಬಣ್ಣದ ಕಸವಷ್ಟೇ ಇತ್ತು. ಗೀರು ದೊಡ್ಡ ಚಿತ್ರದ ಕೆಳಭಾಗವನ್ನೂ ಅದಕ್ಕೆ ಹೊಂದಿಕೊಂಡಿದ್ದ ಮುಂದಿನ ಪ್ರತಿಗಳನ್ನೂ ನುಂಗಿತ್ತು. ಉಳಿದದ್ದು ತೀರ ಚಿಕ್ಕವು. ಅವುಗಳಲ್ಲಿ ದೊಡ್ಡದನ್ನು ಆರಿಸಿ, ಅದರ ಕಿಟಕಿಯ ಭಾಗವನ್ನು ಪರದೆ ತುಂಬುವಷ್ಟು ಹಿಗ್ಗಿಸಿದೆ. ಬಣ್ಣದ ಚೌಕಗಳಲ್ಲದೆ ಬೇರೇನೂ ಕಾಣಲಿಲ್ಲ.

“ಇವಳಾ ನಮ್ಮಮ್ಮ? ಟೈಲ್ಸ್ ಅಂಗಡಿ ಇದ್ದಂಗಿದೆ,” ಎಂದಳು. ನಗಲು ಹೊರಟವಳ ದನಿ ನಡುವೆಯೇ ಒಡೆಯಿತು. ಆಕೆ ಕೋಟಿನ ಕಡೆಗೆ ಕೈಚಾಚಿದಳು.

“ನಿಲ್ಲೇ. ಇದನ್ನ ಮಾಡಿದ್ದೇ ದೂರದಿಂದ ನೋಡೋಕೆ. ಹಿಂದಕ್ಕೆ ಹೋಗು. ಇನ್ನೂ ಹೋಗು.”

ಆಕೆ ಮುಖ ತಿರುಗಿಸದೆ ಹಿಂದೆ ಸರಿಯುತ್ತ, ಮೊಗಸಾಲೆಯನ್ನು ದಾಟಿ, ನಾವು ಚಪ್ಪಲಿ ಬಿಡುವ ಬಾಗಿಲಿನವರೆಗೂ ಹೋದಳು. ಅಲ್ಲಿ ಥಟ್ಟನೆ ನಿಂತಳು.

“ಓಟಾ… ಕತ್ತು ವಾರೆ ಮಾಡಿದ್ದಾಳೆ ಕಣೋ. ನಾನು ಬರೋದು ತಡವಾದ್ರೆ ಹಿಂಗೇ ಬೀದಿ ನೋಡ್ತಾ ನಿಂತಿರ್ತಿದ್ದಳು.”

“ಕಣ್ಣು ಕಾಣುತ್ತಾ?”

“ಇಲ್ಲ. ಆದ್ರೂ ಅವಳೇ.”

ತಿಳಿಯದೆ ಎರಡು ಹೆಜ್ಜೆ ಮುಂದಿಟ್ಟಳು. ಮುಖ ಒಡನೆಯೇ ಚೌಕಗಳಾಗಿ ಚದುರಿರಬೇಕು, ಬೆಚ್ಚಿ ಮತ್ತೆ ಬಾಗಿಲಿಗೆ ಬೆನ್ನು ತಾಗಿಸಿ ನಿಂತಳು. ಹತ್ತಿರ ಬಾ ಎಂದು ನಾನು ಕರೆಯಲಿಲ್ಲ. ಕುರ್ಚಿಯನ್ನು ಅಲ್ಲಿಗೇ ಒಯ್ದು ಹಾಕಿದೆ.