ಕಿವಿಗೆ ಒಪ್ಪುವ ದೋಣಿ

ಒಂದು ದೋಣಿ ಕೊಳ್ಳುವುದಕ್ಕೆ ಎಷ್ಟು ದಿನ ಬೇಕು? ತಂಗಿಯ ಪ್ರಕಾರ ಒಂದು ಬೆಳಗ್ಗೆ ಸಾಕು. ಹೋಗುವುದು, ನೋಡುವುದು, ತಟ್ಟುವುದು, ಮುಂಗಡ ಕೊಟ್ಟು ಬರುವುದು. ಆದರೆ ಅಣ್ಣ ಐದು ವಾರದಿಂದ ಮೀನಮೇಷ ಎಣಿಸುತ್ತಿದ್ದ. ಫೈಬರ್ ದೋಣಿ ಮಾಡುವವನ ಶೆಡ್ಡಿಗೆ ನಾಲ್ಕು ಸಲ, ಅಲ್ಯೂಮಿನಿಯಂ ದೋಣಿ ಮಾಡುವ ವೆಲ್ಡರಮ್ಮನ ಅಂಗಳಕ್ಕೆ ಮೂರು ಸಲ ಹೋಗಿ ಬಂದದ್ದಾಗಿತ್ತು. ಹೋದಾಗಲೆಲ್ಲ ಹೊಸದೊಂದು ಕ್ಯಾತೆ. ಮೀನು ಹಿಡಿಯುವ ಕಾಲ ಶುರುವಾಗಲು ಉಳಿದದ್ದು ಒಂಬತ್ತೇ ದಿನ. ಅಷ್ಟರೊಳಗೆ ದೋಣಿ ಆಗದಿದ್ದರೆ ಈ ವರ್ಷ ಇಬ್ಬರೂ ಇನ್ನೊಬ್ಬರ ದೋಣಿಯಲ್ಲಿ ಕೂಲಿಗೆ ಬಲೆ ಎಳೆಯಬೇಕು. ಹದಿನಾರು ವರ್ಷ ಸ್ವಂತ ದೋಣಿಯಲ್ಲಿ ನಿಂತವಳಿಗೆ ಅದನ್ನು ನೆನೆದರೇ ಮೈಯೆಲ್ಲ ಉರಿಯುತ್ತಿತ್ತು.

ಅಣ್ಣನ ಹಠಕ್ಕೆ ಕಾರಣವೇ ಇಲ್ಲವೆಂದಲ್ಲ. ಅವರು ಮೀನು ಹಿಡಿಯುವ ಹಿನ್ನೀರು ಸದಾ ಕದಡಿದ ನೀರು, ಒಂದು ಮೊಳ ಕೆಳಗೆ ಏನೂ ಕಾಣದು. ಆದರೆ ಅಲ್ಲಿಯ ಮೀನು ಸದ್ದು ಮಾಡುತ್ತದೆ. ಹೊಟ್ಟೆಯೊಳಗಿಂದ ಗೊರ್ ಗೊರ್ ಎನ್ನುವ ಅದನ್ನು ಎಲ್ಲರೂ ಗೊರಕೆ ಮೀನು ಅಂತಲೇ ಕರೆಯುವುದು. ಅಣ್ಣ ಎಂಜಿನ್ ನಿಲ್ಲಿಸಿ, ದೋಣಿಯ ತಳಕ್ಕೆ ಬೋರಲು ಮಲಗಿ, ಹಲಗೆಗೆ ಕಿವಿ ಹಚ್ಚಿ ಅದನ್ನು ಕೇಳುತ್ತಿದ್ದ. ದೊಡ್ಡ ಮೀನಿನ ಸದ್ದೇ ಬೇರೆ, ಸಣ್ಣದರದ್ದೇ ಬೇರೆ. ಅವನು ಕೈ ಅಗಲಿಸಿ ತೋರಿಸಿದರೆ ತಂಗಿ ದೊಡ್ಡ ಕಣ್ಣಿನ ಬಲೆ ಬಿಡುತ್ತಿದ್ದಳು, ಮುಷ್ಟಿ ತೋರಿಸಿದರೆ ಸಣ್ಣ ಕಣ್ಣಿನದು. ಬಲೆ ತಪ್ಪಿದರೆ ಆ ದಿನ ನೀರುಪಾಲು. ಅವನು ಮಲಗಿದ್ದಾಗ ಅವಳು ನಿಂತು ಹುಟ್ಟು ಹಿಡಿಯಬೇಕು, ಇಬ್ಬರೂ ತುಟಿ ಪಿಟಕ್ಕೆನ್ನಬಾರದು. ಎಂಜಿನ್ ಓಡುವಾಗ ಅರಚಾಟ, ನಿಂತಾಗ ಮೌನ. ಅವರ ದೋಣಿಯ ಪದ್ಧತಿಯೇ ಅದು. ಉಳಿದವರೆಲ್ಲ ಪರದೆಯ ಮೇಲೆ ಮೀನು ತೋರಿಸುವ ಯಂತ್ರ ಹಾಕಿಸಿಕೊಂಡರೂ ಅಣ್ಣ ಅದರ ಕಡೆ ತಿರುಗಿಯೂ ನೋಡಲಿಲ್ಲ. ದಡದಲ್ಲಿ ಅವನ ಹೆಸರೇ ಕಿವಿಯಣ್ಣ.

ಕಳೆದ ಎರಡು ವರ್ಷ ಮಾತ್ರ ಯಾಕೋ ಎಡವಟ್ಟಾಗುತ್ತಲೇ ಬಂತು. ಅಣ್ಣ ಕೈ ಅಗಲಿಸುತ್ತಿದ್ದ, ಸಿಕ್ಕುತ್ತಿದ್ದದ್ದು ಪಾಚಿ. ಮುಷ್ಟಿ ತೋರಿಸುತ್ತಿದ್ದ, ಪಕ್ಕದ ದೋಣಿಯವರು ತೋಳುದ್ದದ ಮೀನು ಎತ್ತುತ್ತಿದ್ದರು. ಕೊನೆಗೆ ಅವನೇ ಹೇಳಿದ, ಮರ ನೀರು ಕುಡಿದು ಸತ್ತುಹೋಗಿದೆ, ಸದ್ದು ಮೇಲೆ ಬರುತ್ತಿಲ್ಲ ಎಂದು. ತಂಗಿ ನಂಬಿದಳು. ಅಪ್ಪ ಕಟ್ಟಿಸಿದ್ದ ದೋಣಿಯನ್ನು ದಡಕ್ಕೆಳೆದು ಅವಳೇ ಹಾರೆ ಹಾಕಿ ಒಂದೊಂದೇ ಹಲಗೆ ಕಿತ್ತಳು.

ಈಗ ಹೊಸದು ಕೊಳ್ಳೋಣ ಎಂದರೆ ಅಣ್ಣ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಫೈಬರ್ ನೋಡಿದ ದಿನ ಅಲ್ಯೂಮಿನಿಯಂ ವಾಸಿ. ಅಲ್ಯೂಮಿನಿಯಂ ನೋಡಿದ ದಿನ ಫೈಬರ್ರೇ ಸರಿ. ಇವತ್ತು ಎರಡೂ ಕಡೆಯವರು ಸಂಜೆಯ ಗಡುವು ಕೊಟ್ಟಿದ್ದರು. ಸಂಜೆಯೊಳಗೆ ಇತ್ಯರ್ಥ ಮಾಡದೆ ಮನೆಗೆ ಬರುವುದಿಲ್ಲ ಎಂದು ಗಂಡನಿಗೆ ಹೇಳಿಯೇ ಅವಳು ಹೊರಟಿದ್ದಳು.

ಫೈಬರ್ ಶೆಡ್ಡಿನೊಳಗೆ ಕಾಲಿಟ್ಟರೆ ರೆಸಿನ್ ಅಂಟಿನ ವಾಸನೆ ಮೂಗಿಗೆ ಗುದ್ದುತ್ತಿತ್ತು. ಉಜ್ಜುವ ಮಷೀನಿನ ಕಿರುಚಾಟದ ನಡುವೆ ಮಾಲೀಕ ರೆಪ್ಪೆಗೆಲ್ಲ ಬಿಳಿ ಪುಡಿ ಮೆತ್ತಿಕೊಂಡು ನಿಂತಿದ್ದ. ಅಣ್ಣ ಯಾರಿಗೂ ಏನೂ ಹೇಳದೆ ಚಪ್ಪಲಿ ಬಿಟ್ಟು, ಬಣ್ಣ ಹಚ್ಚದ ಒಂದು ದೋಣಿಯೊಳಗೆ ಇಳಿದು ಬೋರಲು ಮಲಗಿದ.

"ಬಂದೋರೆಲ್ಲ ಉದ್ದ ಎಷ್ಟು, ಅಗಲ ಎಷ್ಟು ಅಂತ ಕೇಳ್ತಾರೆ. ನಿಮ್ಮಣ್ಣ ನಾಲ್ಕು ಸಲಾನೂ ಮಲಗಿ ನೋಡಿದ್ರು," ಎಂದು ಮಾಲೀಕ ತಂಗಿಯ ಕಿವಿಯ ಹತ್ತಿರ ಕೂಗಿದ. "ಇದೇನು ಹಾಸಿಗೆ ಅಂಗಡಿ ಅಂದ್ಕೊಂಡ್ರಾ?"

"ನಿದ್ದೆ ಬಂದ್ರೆ ತಗೋತೀವಿ ಬಿಡಿ," ಎಂದಳು ತಂಗಿ. "ಬಂಡೆಗೆ ತಾಗಿದ್ರೆ ಏನಾಗುತ್ತೆ?"

"ಬಿರುಕು ಬಿಡುತ್ತೆ. ಬಟ್ಟೆ, ರೆಸಿನ್ ಕೊಡ್ತೀನಿ, ನೀವೇ ಮೆತ್ಕೋಬಹುದು. ತುಕ್ಕಿನ ಮಾತೇ ಇಲ್ಲ. ಬಿಸಿಲಿಗೆ ಕಾಯೋದೂ ಕಮ್ಮಿ."

"ಎಳೆಯೋಕೆ?"

"ನಾಲ್ಕು ಜನ ಬೇಕು."

ಇವರಿರುವುದು ಇಬ್ಬರು. ತಂಗಿಯ ಸೊಂಟ ಹೋದ ವರ್ಷವೇ ಹಿಡಿದುಕೊಂಡಿತ್ತು. ಆದರೂ ಅಣ್ಣ ಒಂದು ಸಲ ಹೂಂ ಎಂದರೆ ಉರುಳು ಮರ ಹಾಕಿಯಾದರೂ ಎಳೆದಾಳು.

ಅಣ್ಣ ಎದ್ದು ಮೈಯ ಪುಡಿ ಕೊಡವಿಕೊಂಡ. "ಇದು ಆಗಲ್ಲ. ತಳಕ್ಕೆ ಎರಡು ಪದರ ಹಾಕಿ ಮಧ್ಯೆ ಫೋಮ್ ತುಂಬಿದ್ದಾರೆ. ಸದ್ದು ಅದರಲ್ಲೇ ಇಂಗಿಹೋಗುತ್ತೆ."

"ಮೊನ್ನೆ ಇದೇ ವಾಸಿ ಅಂದೆಯಲ್ಲ?"

"ಮೊನ್ನೆ ಫೋಮ್ ಇದೆ ಅಂತ ಗೊತ್ತಿರಲಿಲ್ಲ."

ಮಾಲೀಕ ಮಷೀನು ನಿಲ್ಲಿಸಲು ಕೈ ಮಾಡಿ, ಅಣ್ಣನ ಮುಖಕ್ಕೆ ಮುಖ ಕೊಟ್ಟು ನಿಂತ. "ಫೋಮ್ ಬೇಡ ಅಂದ್ರೆ ಬೇಡ. ಬೇರೆ ತಳ ಹಾಕಿಕೊಡ್ತೀನಿ, ಒಂದೇ ಪದರ. ಆರು ದಿನದ ಕೆಲಸ. ಆಯ್ತಾ?"

ಇನ್ನೇನು ಬೇಕು? ತಂಗಿ ಕೈಚೀಲಕ್ಕೆ ಕೈ ಹಾಕಿದಳು. ಕೇಳಿದ್ದನ್ನು ಕೊಡುತ್ತೇನೆಂದರೆ ಯಾರ ಮುಖವಾದರೂ ಅರಳುತ್ತದೆ, ಅಣ್ಣನದು ಬಾಡಿತು. "ನೋಡೋಣ," ಎಂದು ರಾಗ ಎಳೆದು ಚಪ್ಪಲಿ ಹುಡುಕತೊಡಗಿದ. ತಂಗಿಗೆ ಪಿತ್ತ ನೆತ್ತಿಗೇರಿತು. ಬೇರೆಯವರೆದುರು ಅಣ್ಣನ ಮಾನ ತೆಗೆಯಬಾರದೆಂದು ಹಲ್ಲು ಕಚ್ಚಿಕೊಂಡು ರಸ್ತೆಯವರೆಗೆ ಬಂದಳು. ಅಲ್ಲಿ ಶುರು ಮಾಡಿದಳು.

"ನಿನಗೆ ದೋಣಿ ಬೇಕೋ ಬೇಡವೋ, ಅಷ್ಟು ಹೇಳು. ದಡದಲ್ಲಿ ಜನ ನಗ್ತಿದ್ದಾರೆ. ಇವರಿಬ್ಬರೂ ಹೆಣ್ಣು ನೋಡೋಕೆ ಹೋದ ಹಾಗೆ ದೋಣಿ ನೋಡ್ತಾರೆ, ಒಂದೂ ಒಪ್ಪಲ್ಲ ಅಂತ."

ಅಣ್ಣ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದ, ತಿರುಗಲೇ ಇಲ್ಲ. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಈ ಜಂಬ ಅವನಿಗೆ ಈಚೆಗೆ ಬಹಳ ಹೆಚ್ಚಾಗಿತ್ತು. ದಾರಿಯುದ್ದಕ್ಕೂ ಅವಳು ಅವನ ಬೆನ್ನನ್ನೇ ಬೈದುಕೊಂಡು ನಡೆದಳು.

ವೆಲ್ಡರಮ್ಮನ ಅಂಗಳ ನೀರಿನ ಅಂಚಿನಲ್ಲೇ ಇತ್ತು. ತಗಡು ಕತ್ತರಿಸುವ ಸದ್ದಿಗೆ ಅಲ್ಲೂ ಮಾತೆಲ್ಲ ಕೂಗಾಟವೇ. ಬೆಸುಗೆಯ ಗೆರೆಗಳು ಒತ್ತಾಗಿ ಹೆಣೆದ ಜಡೆಯಂತೆ ಕಾಣುವ ಒಂದು ದೋಣಿ ಮಾರಾಟಕ್ಕೆ ಸಿದ್ಧವಾಗಿ ನಿಂತಿತ್ತು. ಎಷ್ಟು ಹಗುರವೆಂದರೆ ತಂಗಿ ಒಬ್ಬಳೇ ಅದರ ಮೂತಿ ಎತ್ತಿದಳು. ಸೊಂಟ ಚಕಾರ ಎತ್ತಲಿಲ್ಲ. ಬಂಡೆಗೆ ತಾಗಿದರೆ ತಗ್ಗು ಬೀಳುತ್ತದೆ, ಒಡೆಯುವುದಿಲ್ಲ. ಉಪ್ಪುನೀರಿಗೆ ವರ್ಷಕ್ಕೊಮ್ಮೆ ಬಣ್ಣ ಬೇಕು. ಇಷ್ಟನ್ನೂ ವೆಲ್ಡರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು.

"ಅಲೆ ಬಡಿದ್ರೆ ಡಬ್ಬ ಬಡಿದ ಹಾಗಿರುತ್ತೆ ಇದು," ಎಂದ ಅಣ್ಣ.

"ಅಂಗಳದಲ್ಲಿ ನಿಂತು ಹೇಳಿದ್ರೆ ಹೇಗಣ್ಣ? ನೀರಿಗೆ ಇಳಿಸಿ ನೋಡಿ. ಎಂಜಿನ್ ಹಾಕೇ ಇದೆ," ಎಂದು ಅವಳು ಕನ್ನಡಕ ಹಣೆಗೇರಿಸಿದಳು. "ನಾಲ್ಕು ಗಂಟೆಗೆ ಇನ್ನೊಬ್ರು ಬರ್ತಾರೆ. ಆಮೇಲೆ ನನ್ನ ಬೈಬೇಡಿ."

ಅಣ್ಣ ನೀರಿನ ಇಳಿತ ಸರಿಯಿಲ್ಲ ಎಂದ. ಬಿಸಿಲು ಜಾಸ್ತಿ ಎಂದ. ಬೆಳಗಿನಿಂದ ಹೊಟ್ಟೆ ಸರಿಯಿಲ್ಲ ಎಂದ. ತಂಗಿ ಒಂದಕ್ಕೂ ಸೊಪ್ಪು ಹಾಕದೆ ದೋಣಿ ತಳ್ಳಿಯೇಬಿಟ್ಟಳು. ಅವನು ಮೊಣಕಾಲವರೆಗೆ ನೆನೆದು ಹತ್ತಲೇಬೇಕಾಯಿತು.

ಹಿನ್ನೀರಿನ ನಡುವೆ ಎರಡು ಹಳೆಯ ಕಂಬಗಳಿವೆ. ಯಾವ ಕಾಲದಲ್ಲೂ ಅವುಗಳ ಹಿಂದೆ ನಾಲ್ಕಾದರೂ ಗೊರಕೆ ಮೀನು ಇದ್ದೇ ಇರುತ್ತವೆ. ಅಲ್ಲಿ ಎಂಜಿನ್ ನಿಂತಿತು. ತಂಗಿ ಹುಟ್ಟು ಹಿಡಿದು ನಿಂತಳು, ಅಣ್ಣ ಮಲಗಿದ. ಸುಡುವ ತಗಡಿಗೆ ಕೆನ್ನೆ ಒತ್ತಿಕೊಂಡು ಬಹಳ ಹೊತ್ತು ಬಿದ್ದಿದ್ದ. ಎದ್ದಾಗ ಒಂದು ಕೆನ್ನೆ ಕೆಂಪಗಾಗಿತ್ತು.

"ಏನೂ ಇಲ್ಲ. ಸತ್ತ ತಗಡು. ನಡಿ ವಾಪಸ್ಸು."

ಮರ ಸತ್ತಿತು, ಫೈಬರ್ ಸತ್ತಿತು, ಈಗ ತಗಡೂ ಸತ್ತಿತು. ತಂಗಿಗೆ ಅಳು ಬರುವಷ್ಟು ರೋಸಿಹೋಯಿತು. "ಹುಟ್ಟು ಹಿಡಿ. ನಾನೇ ನೋಡ್ತೀನಿ," ಎಂದು ಅವನ ಕೈಗೆ ತುರುಕಿದಳು.

"ನಿನಗೇನು ಗೊತ್ತಾಗುತ್ತೆ? ಬೇಡ. ನಿನ್ನ ಕೆಲಸ ಅಲ್ಲ ಅದು." ಅಣ್ಣ ಅವಳ ತೋಳು ಹಿಡಿದ. ಹಿಡಿತ ಬಿಗಿಯಾಗಿತ್ತು, ಕಣ್ಣು ಮಾತ್ರ ಅಂಗಲಾಚುತ್ತಿತ್ತು. ತಂಗಿ ತೋಳು ಕೊಸರಿಕೊಂಡು, ತಗಡಿಗೆ ಎರಡು ಬೊಗಸೆ ನೀರು ಚೆಲ್ಲಿ, ಹದಿನಾರು ವರ್ಷದಲ್ಲಿ ಮೊದಲ ಸಲ ದೋಣಿಯ ತಳಕ್ಕೆ ಮಲಗಿದಳು.

ಮೊದಲು ನೀರು ಉಜ್ಜುವ ಸದ್ದಷ್ಟೇ. ಆಮೇಲೆ, ಯಾರೋ ಕೆಳಗಿನಿಂದ ಬೆರಳ ಗೆಣ್ಣಿನಲ್ಲಿ ಬಾಗಿಲು ತಟ್ಟಿದ ಹಾಗೆ, ಗೊರ್. ಗೊರ್ ಗೊರ್. ಕಿವಿಯೊಡ್ಡಿ ಹುಡುಕಬೇಕಾದ ಸದ್ದೂ ಅಲ್ಲ ಅದು, ದವಡೆಯ ಮೂಳೆಗೇ ಬಡಿಯುತ್ತಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ತಲೆ ಎತ್ತಿ ಹೇಳಿದಳು:

"ಅಣ್ಣ, ಕೇಳ್ತಿದೆ."

ಅಣ್ಣ ಅವಳಿಗೆ ಬೆನ್ನು ಮಾಡಿ ಕಂಬಗಳ ಕಡೆ ನೋಡುತ್ತ ಹುಟ್ಟು ಹಿಡಿದು ನಿಂತಿದ್ದ.

"ಅಣ್ಣ, ಸ್ಪಷ್ಟವಾಗಿ ಕೇಳ್ತಿದೆ ಅಂದೆ."

ಅವನು ಅಲುಗಲಿಲ್ಲ. ಎಂಜಿನ್ ಇಲ್ಲ, ಗಾಳಿ ಇಲ್ಲ, ಇಬ್ಬರ ನಡುವೆ ಎರಡು ಮಾರು ಜಾಗ. ಅವಳು ಮೂರನೆಯ ಸಲ ಕರೆದಳು. ಮೊದಲೆರಡು ಸಲದ್ದಕ್ಕಿಂತ ಮೆಲ್ಲಗೆ ಕರೆದಳು, ಯಾಕೆಂದರೆ ಅಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಎದ್ದು ಹೋಗಿ ಭುಜ ಮುಟ್ಟಿದಳು. ಅವನು ಬೆಚ್ಚಿ ತಿರುಗಿದ, ಅವಳ ಮುಖ ನೋಡಿದ, ಹುಟ್ಟು ಕೆಳಗಿಟ್ಟು ಕೂತುಬಿಟ್ಟ.

"ಎಷ್ಟು ದಿನ ಆಯ್ತು?" ತಂಗಿ ಅವನ ಎದುರು ಕುಕ್ಕರಿಸಿ, ತುಟಿ ಕಾಣುವ ಹಾಗೆ ಕೇಳಿದಳು.

"ಮೂರು ವರ್ಷ. ಎಂಜಿನ್ ಕಡೆಯ ಕಿವಿ ಮೊದಲು. ಆಮೇಲೆ ಇದೂ ಹೋಯ್ತು. ಮುಖ ನೋಡ್ತಾ ಮಾತಾಡಿದ್ರೆ ಗೊತ್ತಾಗುತ್ತೆ."

"ಅತ್ತಿಗೆಗೆ ಗೊತ್ತಾ?"

"ಅವಳೇ ಮೊದಲು ಕಂಡುಹಿಡಿದದ್ದು. ಯಾರಿಗೂ ಹೇಳಬೇಡ ಅಂತ ನಾನೇ ಆಣೆ ಹಾಕಿಸ್ದೆ."

"ಮತ್ತೆ ಎರಡು ವರ್ಷ ನನಗೆ ಕೈ ತೋರಿಸ್ತಿದ್ದದ್ದು?"

"ಅಂದಾಜು."

ತಂಗಿಗೆ ಮುಂದಿನ ಪ್ರಶ್ನೆ ಕೇಳಲು ಭಯವಾಯಿತು. ಉತ್ತರ ಅವಳಿಗೆ ಗೊತ್ತಿತ್ತು. "ಅಪ್ಪನ ದೋಣಿ?"

ಅಣ್ಣ ತನ್ನ ಒದ್ದೆ ಕಾಲುಗಳನ್ನು ನೋಡುತ್ತ ಕೂತ. "ಮರಕ್ಕೆ ಏನೂ ಆಗಿರಲಿಲ್ಲ," ಎಂದ.

ಅವನನ್ನು ಎತ್ತಿ ನೀರಿಗೆ ಒಗೆಯಬೇಕು ಎನ್ನಿಸಿತು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಾಯಿ ಬಿಟ್ಟೇ ಹೇಳಿದಳು. "ನಿನ್ನ ನೀರಿಗೆ ಒಗೀಬೇಕು. ಹಾರೆ ಹಿಡಿದು ಆ ಹಲಗೆ ಕಿತ್ತವಳು ನಾನು. ನೀನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನೀನು ಯಂತ್ರ ಹಾಕಿಸ್ಕೊಂಡು ಒಬ್ಬಳೇ ಹೋಗ್ತಿದ್ದೆ. ನಾನು ದಡದಲ್ಲಿ ಕೂತು ಏನು ಮಾಡಲಿ? ಕಿವಿ ಬಿಟ್ಟು ನನಗೆ ಇನ್ನೇನು ಬರ್ತಿತ್ತು?"

ತಂಗಿ, ಎದೆಯಲ್ಲಿ ದುಃಖವೂ ಸಿಟ್ಟೂ ಕಲಸಿಕೊಂಡು, ಯಾವುದು ಯಾವುದೆಂದು ತಿಳಿಯದೆ, ಮತ್ತೆ ತಗಡಿಗೆ ಮಲಗಿದಳು. ಕೆಳಗೆ ಗೊರಕೆ ನಡೆದೇ ಇತ್ತು. ಒಂದು ನಿಧಾನ, ಇನ್ನೊಂದು ಚುರುಕು. ಯಾವುದು ದೊಡ್ಡ ಮೀನು, ಯಾವುದು ಸಣ್ಣದು? ಯಾವ ಬಲೆ ಬಿಡಬೇಕು? ಕೇಳುವವಳಿಗೆ ಗೊತ್ತಿಲ್ಲ, ಗೊತ್ತಿರುವವನಿಗೆ ಕೇಳುವುದಿಲ್ಲ. ಇಂಥ ಹಣೆಬರಹ ಶತ್ರುವಿಗೂ ಬೇಡ ಎನ್ನಿಸಿತು.

ಅವಳು ಮಲಗಿದ್ದಲ್ಲಿಂದಲೇ ಕೈ ಚಾಚಿ ಅವನ ಮೊಣಕಾಲಿನ ಮೇಲೆ ಬಡಿದಳು. ಕಿವಿಗೆ ಬಂದ ಹಾಗೇ ಬಡಿದಳು: ಒಂದು, ಎರಡು, ಮೂರು. ಬಿಡುವು. ಮತ್ತೆ ಮೂರು.

ಅಣ್ಣನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವನ ಮೊಣಕಾಲು ಗಟ್ಟಿಯಾಯಿತು, ಬೆನ್ನು ನೆಟ್ಟಗಾಯಿತು.

"ಇನ್ನೊಂದು ಸಲ," ಎಂದ. ಅವಳು ಬಡಿದಳು. "ಮೂರನೆಯದು ಎಳೆಯುತ್ತಾ, ಕತ್ತರಿಸಿದ ಹಾಗೆ ನಿಲ್ಲುತ್ತಾ?"

ಅವಳು ಅಂಗೈಯನ್ನು ಮೊಣಕಾಲಿನ ಮೇಲೆ ಉದ್ದಕ್ಕೆ ಎಳೆದು ತೋರಿಸಿದಳು.

"ದೊಡ್ಡದು," ಎಂದ ಅಣ್ಣ. "ಕಂಬಕ್ಕೆ ಅಂಟಿಕೊಂಡಿವೆ. ದೊಡ್ಡ ಕಣ್ಣಿನ ಬಲೆ. ಚುರುಕಾಗಿ ಕೇಳೋದು ಮರಿ, ಅದನ್ನ ಬಿಡು."

ತಂಗಿ ತಲೆಯೆತ್ತಿ, ಅವನ ಮುಖಕ್ಕೆ ನೇರವಾಗಿ ಹೇಳಿದಳು. "ಇದೇ ದೋಣಿ. ಮಾತು ಮುಗೀತು. ನಾಲ್ಕರೊಳಗೆ ಮುಂಗಡ ಕೊಡಬೇಕು. ಅಲ್ಲಿವರೆಗೆ ಕಲಿಸು."

ಮತ್ತೆ ಕಿವಿ ಹಚ್ಚಿ ಮತ್ತೆ ಬಡಿದಳು. ಅಣ್ಣ ಹೇಳುತ್ತ ಹೋದ, ಅವಳು ಬಡಿಯುತ್ತ ಹೋದಳು. ಹತ್ತಾರು ಸಲ ಆದ ಮೇಲೆ ಅವನು ಮೊಣಕಾಲು ಸವರಿಕೊಂಡು, ಬಗ್ಗಿ ಅವಳ ಮುಖ ನೋಡಿದ.

"ಅಷ್ಟು ಜೋರಾಗಿ ಬಡೀತಿವೆಯಾ ಅವು?"

"ಇಲ್ಲ," ಎಂದಳು ತಂಗಿ. "ಆ ಜೋರು ನನ್ನದು."