ಏರು ಹತ್ತದ ಕಾರು

ನಮ್ಮ ಕಾರು ಸಮತಟ್ಟು ರಸ್ತೆಯಲ್ಲಿ ಹೊಸ ಅಳಿಯನಂತೆ ಮರ್ಯಾದೆಯಿಂದ ಹೋಗುತ್ತಿತ್ತು. ಏರು ಕಂಡರೆ ಮಾತ್ರ ಅದರ ಜೀವ ಹಾರುತ್ತಿತ್ತು. ಎರಡನೇ ಗೇರಿಗೆ ಹಾಕಿದರೆ ಗೊಣಗುವುದು, ಒಂದನೇ ಗೇರಿಗೆ ಹಾಕಿದರೆ ತೆವಳುವುದು. ಹಿಂದೆ ಬಂದ ಲಾರಿಯವರು ಕಿಟಕಿಯಿಂದ ತಲೆ ಹೊರಹಾಕಿ ನನ್ನ ವಂಶದವರನ್ನೆಲ್ಲ ವಿಚಾರಿಸಿಕೊಂಡು ಮುಂದೆ ಹೋಗುತ್ತಿದ್ದರು.

ಏರು ಹತ್ತದೆ ನನಗೆ ಗತಿಯಿರಲಿಲ್ಲ. ಮಗಳು ಹುಟ್ಟಿದಾಗ ಬಿಟ್ಟಿದ್ದ ನರ್ಸ್ ಕೆಲಸ ಮತ್ತೆ ಸಿಕ್ಕಿತ್ತು, ಅದೂ ಗುಡ್ಡದ ಮೇಲಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ. ಅಲ್ಲಿಗೆ ಬಸ್ಸಿಲ್ಲ. ಸೋಮವಾರ ಬೆಳಿಗ್ಗೆ ಬಂದು ಸೇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಟ್ರನ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಆ ಫೋನ್ ಬಂದ ವಾರವೇ ಕಾರಿನ ಶಕ್ತಿ ಉಡುಗಿಹೋಯಿತು. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ.

ನನ್ನ ಗಂಡ ವಿಮಾ ಕಚೇರಿಯಲ್ಲಿದ್ದಾರೆ. ಜಗತ್ತಿನಲ್ಲಿ ಎಲ್ಲಿ, ಯಾರಿಗೆ, ಏನು ಅಪಘಾತವಾಗಬಹುದು ಎಂದು ಯೋಚಿಸುವುದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಕಾರಿನ ವಿಷಯದಲ್ಲಿ ಅವರು ತೋರಿಸಿದ ಕಾಳಜಿ ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು. ಮನೆಯಲ್ಲಿ ನಲ್ಲಿ ಸೋರಿದರೆ ತಿಂಗಳುಗಟ್ಟಲೆ ಬಕೆಟ್ ಇಟ್ಟು ಸುಮ್ಮನಿರುವ ಮನುಷ್ಯ, ಕಚೇರಿಗೆ ರಜೆ ಹಾಕಿ ನನ್ನ ಜೊತೆ ಗ್ಯಾರೇಜಿಗೆ ಬಂದರು.

ಗ್ಯಾರೇಜಿನವನಿಗೆ ಊರೆಲ್ಲ ‘ಡಾಕ್ಟರ್’ ಎನ್ನುತ್ತಾರೆ. ಬಾನೆಟ್ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಾನೆ, ಅದಕ್ಕೆ.

"ಉಸಿರಾಟದ ತೊಂದರೆ," ಎಂದು ಏರ್ ಫಿಲ್ಟರ್ ಬದಲಾಯಿಸಿದ. ಕಾರು ಹತ್ತಲಿಲ್ಲ. ಮರುದಿನ ಪ್ಲಗ್ಗುಗಳು ಹೋದವು. ಅದರ ಮರುದಿನ ಪೆಟ್ರೋಲ್ ಫಿಲ್ಟರ್. ಆಮೇಲೆ ಸೈಲೆನ್ಸರ್ ಕಟ್ಟಿಕೊಂಡಿದೆ ಎಂದು ಬಿಚ್ಚಿ ನೋಡಿದ; ಅದು ನಮ್ಮ ಅಡುಗೆಮನೆಯ ಕೊಳವೆಗಿಂತ ಚೊಕ್ಕಟವಾಗಿತ್ತು. ಪ್ರತಿ ಸಲವೂ ನನ್ನ ಗಂಡ ಪಕ್ಕದಲ್ಲಿ ನಿಂತು, "ಚೆನ್ನಾಗಿ ನೋಡಪ್ಪ, ಅವಸರ ಏನಿಲ್ಲ," ಎನ್ನುತ್ತಿದ್ದರು. ಅವಸರವೆಲ್ಲ ನನಗಿತ್ತು.

ಮಾವನದು ಬೇರೆಯೇ ವಾದ. ಅವರು ಬಡಗಿ, ಕೆಲಸ ಬಿಟ್ಟರೂ ಉಳಿ ಬಿಟ್ಟವರಲ್ಲ. ಹಿತ್ತಿಲ ಶೆಡ್ಡಿನಲ್ಲಿ ಮರ ಹೆರೆಯುತ್ತಲೇ, "ಪೆಟ್ರೋಲಿಗೆ ಏನೋ ಬೆರೆಸ್ತಾರಮ್ಮ. ಈಗಿನ ಕಾಲದಲ್ಲಿ ಯಾವುದು ಶುದ್ಧ ಇದೆ ಹೇಳು," ಎಂದು ಕಾಲವನ್ನೇ ಬಯ್ಯುತ್ತಿದ್ದರು.

ಶುಕ್ರವಾರ ಊಟ ಮಾಡುವಾಗ ನನ್ನ ಗಂಡ ಮೆತ್ತಗೆ ಅಂದರು: "ನೋಡು, ನಾವು ಮಾಡೋದೆಲ್ಲ ಮಾಡಿದ್ವಿ. ಮೇಟ್ರನ್‌ಗೆ ಒಂದು ಫೋನ್ ಮಾಡಿ ಹೇಳಿಬಿಡು. ಕೆಲಸ ಇನ್ನೊಂದು ಸಿಗುತ್ತೆ."

ಆ ‘ನಾವು’ ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಫೋನ್ ಕೈಗೆ ತೆಗೆದುಕೊಂಡೂಬಿಟ್ಟಿದ್ದೆ. ಆದರೂ ಮನಸ್ಸು ತಡೆಯಲಿಲ್ಲ. ಶನಿವಾರ ಅವರು ಕಚೇರಿಗೆ ಹೋದ ಮೇಲೆ ಒಬ್ಬಳೇ ಗ್ಯಾರೇಜಿಗೆ ಹೋದೆ.

ಡಾಕ್ಟರ್ ಯಾರದೋ ಸ್ಕ್ಯಾನರ್ ಎರವಲು ತಂದಿದ್ದ. ಅದರ ವಯರನ್ನು ಕಾರಿಗೆ ಸಿಕ್ಕಿಸಿ, "ಅಕ್ಕಾ, ಆಕ್ಸಿಲರೇಟರ್ ಪೂರ್ತಿ ಒತ್ತಿ," ಅಂದ. ಒತ್ತಿದೆ.

"ಪೂರ್ತಿ ಅಂದೆ."

"ಪೂರ್ತಿನೇ ಒತ್ತಿದೀನಪ್ಪ, ಇನ್ನು ಒತ್ತಿದ್ರೆ ಕಾಲು ರಸ್ತೆಗೆ ಬರುತ್ತೆ."

"ಇದರಲ್ಲಿ ಅರ್ಧ ಅಂತ ತೋರಿಸ್ತಿದೆ." ಅವನ ಮುಖ ಅರಳಿತು. "ಸಿಕ್ತು ನೋಡಿ! ಪೆಡಲ್ ಸೆನ್ಸರ್ ಹೋಗಿದೆ. ಹೊಸದು ತರಿಸ್ಬೇಕು, ಬರೋದು ಮುಂದಿನ ವಾರ."

ನನಗೆ ಮೈ ಉರಿದುಹೋಯಿತು. ವಾರ್ಡಿನಲ್ಲಿ ಥರ್ಮಾಮೀಟರ್ ಸುಳ್ಳು ಹೇಳಿದರೆ ಹೊಸದನ್ನು ತರಿಸುವ ಮೊದಲು, ಅದು ಮಗುವಿನ ಕಂಕುಳಲ್ಲಿದೆಯೋ ಅಂಗಿಯ ಮಡಿಕೆಯಲ್ಲಿದೆಯೋ ನೋಡುತ್ತೇವೆ. ಕೆಳಗಿಳಿದು ಮಂಡಿಯೂರಿ, ಪೆಡಲಿನ ಕೆಳಗೆ ಕೈಹಾಕಿ ಮ್ಯಾಟ್ ಎತ್ತಿದೆ.

ಮ್ಯಾಟಿನಡಿ ಒಂದು ಮರದ ತುಂಡು. ಅಂಗೈಯಗಲ, ಪೆಡಲ್ ಅರ್ಧಕ್ಕೇ ತಡೆದು ನಿಲ್ಲುವಷ್ಟು ದಪ್ಪ, ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದು. ಡಾಕ್ಟರ್ ಬಾಯಿಬಿಟ್ಟುಕೊಂಡು ನೋಡಿದ. ಬಿಚ್ಚಿ ಕೈಗೆ ತೆಗೆದುಕೊಂಡರೆ ಅಂಚುಗಳನ್ನೆಲ್ಲ ದುಂಡಗೆ ಹೆರೆದು, ಎಣ್ಣೆ ತಿಕ್ಕಿ, ಬೆಣ್ಣೆಯ ಹಾಗೆ ನುಣುಪು ಮಾಡಿದ್ದಾರೆ. ಯಾರ ಕಣ್ಣಿಗೂ ಬೀಳಬಾರದ ತುಂಡಿಗೆ ಇಷ್ಟು ಆರೈಕೆ ಮಾಡುವವರು ನಮ್ಮ ಮನೆಯಲ್ಲಿ ಒಬ್ಬರೇ. ನೇರವಾಗಿ ಶೆಡ್ಡಿಗೆ ಹೋಗಿ ಮಾವನ ಮುಂದೆ ಹಿಡಿದೆ.

"ಇದು ನಿಮ್ಮ ಕೆಲಸಾನಾ ಮಾವ?"

ಅವರು ಅಳುಕಲೇ ಇಲ್ಲ, ಕನ್ನಡಕ ಏರಿಸಿಕೊಂಡು ಹೆಮ್ಮೆಯಿಂದ ಸವರಿದರು. "ನನ್ನದೇ. ಕಾಲಿಡೋಕೆ ಆಸರೆ ಬೇಕು, ಒಂದು ತುಂಡು ಮಾಡಿಕೊಡಿ ಅಂದ ನಿನ್ನ ಗಂಡ. ನೀನು ಗಾಡಿ ಓಡಿಸೋವಾಗ ಕಾಲು ನೋಯಬಾರದು ಅಂತ ಅಂಚೆಲ್ಲ ಹೆರೆದೆ." ಆಮೇಲೆ ತುಂಡನ್ನು ತಿರುಗಿಸಿ ನೋಡಿದವರೇ ಮುಖ ಗಂಟಿಕ್ಕಿಕೊಂಡರು. "ಥೂ! ಸ್ಕ್ರೂ ಹೇಗೆ ಹೊಡೆದಿದ್ದಾನೆ ನೋಡು! ಮರ ಸೀಳಿಬಿಟ್ಟಿದ್ದಾನೆ. ಹುಟ್ಟಿದಾಗಿಂದ ಹೇಳಿಕೊಡ್ತಾ ಇದೀನಿ, ಇವನ ಕೈಗೆ ಒಂದು ಸ್ಕ್ರೂ ನೆಟ್ಟಗೆ ಹತ್ತಲಿಲ್ಲ."

ಎಲ್ಲಿತ್ತು ಅಂತ ಕೇಳಿದರು. ಪೆಡಲಿನ ಕೆಳಗೆ ಎಂದೆ. ಮಾವ ತುಂಡನ್ನು ನನ್ನ ಕೈಗೆ ಕೊಡದೆ ಒಲೆಗೆಂದು ಕೂಡಿಟ್ಟ ಸೌದೆ ಚೂರುಗಳ ಜೊತೆ ಎಸೆದುಬಿಟ್ಟರು.

ನನಗೆ ಸಿಟ್ಟು ಬಂದಿದ್ದು ಮರದ ತುಂಡಿನ ಮೇಲಲ್ಲ. ‘ಹೋಗಬೇಡ’ ಅಂತ ಬಾಯಿಬಿಟ್ಟು ಹೇಳಿದ್ದರೆ ಒಂದು ಜಗಳವಾಡಿ ಮುಗಿಸಬಹುದಿತ್ತು. ಅದರ ಬದಲು ಈ ಮನುಷ್ಯ ಗ್ಯಾರೇಜಿನಲ್ಲಿ ನಿಂತು ನನ್ನ ಬೆನ್ನು ಸವರಿದ್ದರು.

ಸಂಜೆ ಅವರು ಗೇಟಿನ ಹತ್ತಿರ ಬಂದಾಗ ನಾನು ಕಾರಿನಲ್ಲೇ ಕೂತಿದ್ದೆ. "ಹತ್ತಿ, ಒಂದು ಸುತ್ತು ಹೋಗಿಬರೋಣ," ಅಂದೆ.

ಗುಡ್ಡದ ಬುಡದಲ್ಲಿ ಕಾಲು ಪೂರ್ತಿ ಒತ್ತಿದೆ. ಕಾರು ಎದೆಯುಬ್ಬಿಸಿ ಮೂರನೇ ಗೇರಿನಲ್ಲೇ ಹತ್ತಿತು. ಒಂದು ಲಾರಿಯನ್ನು ಹಿಂದೆ ಹಾಕಿದೆ. ನನ್ನ ಗಂಡ ಕಿಟಕಿಯ ಮೇಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ.

"ಚೆನ್ನಾಗಿ ಎಳೀತಿದೆ," ಅಂದರು, ಮಕ್ಕಳ ವಾರ್ಡಿನ ದೀಪಗಳ ಕಡೆ ನೋಡುತ್ತ.

"ಹೂಂ," ಅಂದೆ, ಕಾದೆ.

ಇಂಥ ಕಾರನ್ನು ಸರಿಮಾಡಿಸಲು ವಾರವಿಡೀ ಓಡಾಡಿದ ಮನುಷ್ಯ, ಕೊನೆಗೆ ಏನು ಕೆಟ್ಟಿತ್ತು ಎಂದು ಒಂದು ಮಾತು ಕೇಳಲಿಲ್ಲ.